ಹೃದಯಕ್ಕೆ ಒಳ್ಳೆಯ ಎಣ್ಣೆ ಎಷ್ಟು ದಿನ ಒಳ್ಳೆಯದಾಗಿರುತ್ತದೆ ಎಂಬುದನ್ನೂ ಬರೆಸಿ

ಇವರಿಗೆ,
ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ನವದೆಹಲಿ

ಪ್ರತಿ: ಆಯುಕ್ತರು, ಆಹಾರ ಮತ್ತು ಔಷಧ ಆಡಳಿತ, ಮಹಾರಾಷ್ಟ್ರ ಸರ್ಕಾರ, ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್, ಮುಂಬೈ

ಮಾನ್ಯರೇ,

ಒಮೆಗಾ-3 ಇದೆ, ಪೂಫಾ (ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬು) ಹೆಚ್ಚಿದೆ, ಹೃದಯಕ್ಕೆ ಹಿತ ಎಂಬ ಮಾತಿನ ಬಲದ ಮೇಲೆ ಮಾರಾಟವಾಗುವ ಪ್ರತಿಯೊಂದು ಅಡುಗೆ ಎಣ್ಣೆಯ ಮೇಲೂ, ಆ ಎಣ್ಣೆ ಗಾಳಿ, ಬೆಳಕು, ಕಾವುಗಳಿಗೆ ಎಷ್ಟು ತಾಳುತ್ತದೆ ಎಂಬುದನ್ನು ಕಡ್ಡಾಯವಾಗಿ ಬರೆಸಿ. ಮುಚ್ಚಳ ತೆಗೆದ ಮೇಲೆ ಎಷ್ಟು ವಾರದೊಳಗೆ ಮುಗಿಸಬೇಕು, ಕರಿಯಲು ಬಳಸಬಹುದೋ ಇಲ್ಲವೋ, ಪೂಫಾದಲ್ಲಿ ಲಿನೋಲಿಕ್ (ಒಮೆಗಾ-6), ಲಿನೋಲೆನಿಕ್ (ಒಮೆಗಾ-3) ಎಂಬ ಕೊಬ್ಬಿನ ಆಮ್ಲಗಳು ತಲಾ ಎಷ್ಟು. ಈ ಮೂರು ವಿಷಯ ಲೇಬಲ್ಲಿನಲ್ಲಿ ಇರಲಿ ಎಂಬುದೇ ನನ್ನ ಬೇಡಿಕೆ.

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವಳು. ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಖಾಸಗಿ ಲ್ಯಾಬೊಂದರಲ್ಲಿ ಎಣ್ಣೆ, ಕೊಬ್ಬುಗಳ ಪರೀಕ್ಷೆ ಮಾಡುವುದು ನನ್ನ ಕಸುಬು. ಇದೇ ವಿಷಯವಾಗಿ ನಿಮ್ಮ ಕಚೇರಿಗೆ ಇಂಗ್ಲಿಷಿನಲ್ಲಿ ಮನವಿ ಕಳಿಸಿದ್ದೇನೆ. ಮತ್ತೆ ಕನ್ನಡದಲ್ಲಿ ಎಲ್ಲರೆದುರು ಬರೆಯುತ್ತಿರುವುದು ಯಾಕೆಂದರೆ, ಮಾಟುಂಗಾದಿಂದ ಮೀರಾ ರೋಡಿನವರೆಗೆ ಈ ಊರಿನ ಎಷ್ಟೋ ಬಾಣಲೆಗಳ ಮುಂದೆ ನಿಂತಿರುವವರು ನಮ್ಮವರು. ಉಡುಪಿ ಹೋಟೆಲಿನ ಅಣ್ಣಂದಿರು, ಕಲ್ಯಾಣ–ಠಾಣೆ ಕಡೆ ರೊಟ್ಟಿ ಖಾನಾವಳಿ ನಡೆಸುವ ಅಕ್ಕಂದಿರು, ಮನೆಮಂದಿಯ ಆರೋಗ್ಯದ ಚಿಂತೆಯಿಂದ ದುಬಾರಿ ಎಣ್ಣೆ ತರುವ ಗೃಹಿಣಿಯರು. ನೀವು ನಿಯಮ ಮಾಡುವವರೆಗೆ ಅವರು ಕಾಯಬೇಕಾಗಿಲ್ಲ. ಅವರೂ ಓದಲಿ.

ಒಂದು ಮಾತು ಮೊದಲೇ ಸ್ಪಷ್ಟ ಮಾಡುತ್ತೇನೆ. ಪೂಫಾ ಇರುವ ಎಣ್ಣೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ವಾಟ್ಸಾಪಿನಲ್ಲಿ ಹರಿದಾಡುವ ‘ರಿಫೈನ್ಡ್ ಎಣ್ಣೆ ಎಂದರೆ ವಿಷ’ ಎಂಬ ಸಂದೇಶಗಳಿಗೂ ಈ ಪತ್ರಕ್ಕೂ ಸಂಬಂಧವಿಲ್ಲ. ಲಿನೋಲಿಕ್ ಮತ್ತು ಆಲ್ಫಾ-ಲಿನೋಲೆನಿಕ್ ಆಮ್ಲಗಳನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಸ್ಯಾಚುರೇಟೆಡ್ ಕೊಬ್ಬಿನ ಜಾಗದಲ್ಲಿ ಇವನ್ನು ತಂದರೆ ರಕ್ತದ ‘ಕೆಟ್ಟ’ ಎಲ್‌ಡಿಎಲ್ ಕೊಲೆಸ್ಟರಾಲ್ ಇಳಿಯುತ್ತದೆ. ಇದು ಗಟ್ಟಿಯಾದ ವಿಜ್ಞಾನ. ಈ ಒಳ್ಳೆಯ ಕೊಬ್ಬೇ ಎಲ್ಲಕ್ಕಿಂತ ಬೇಗ ಹಾಳಾಗುವ ಕೊಬ್ಬು ಕೂಡ ಎಂಬ ಇನ್ನರ್ಧ ಸತ್ಯವನ್ನು ಮಾತ್ರ ಗಿರಾಕಿಗೆ ಯಾರೂ ಹೇಳುತ್ತಿಲ್ಲ. ನನ್ನ ತಕರಾರು ಅದಕ್ಕೆ.

ಕೊಬ್ಬಿನ ಆಮ್ಲದ ಸರಪಳಿಯಲ್ಲಿ ಎರಡು ಜೋಡಿ ಬಂಧಗಳ ನಡುವೆ ಸಿಕ್ಕಿಕೊಂಡ ಕಾರ್ಬನ್ ಇರುತ್ತದಲ್ಲ, ಅದರ ಹೈಡ್ರೋಜನ್ ಬಹಳ ಸಡಿಲ. ಅದು ಕಳಚಿದ ಕೂಡಲೇ ಆ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ, ಪೆರಾಕ್ಸೈಡ್ ಆಗುತ್ತದೆ, ಅದು ಪಕ್ಕದ ಅಣುವಿನ ಹೈಡ್ರೋಜನ್ನನ್ನೂ ಕಿತ್ತುಕೊಳ್ಳುತ್ತದೆ. ಒಮ್ಮೆ ಶುರುವಾದರೆ ಸರಣಿ ನಿಲ್ಲುವುದಿಲ್ಲ. ಓಲಿಕ್ ಎಂಬ ಇನ್ನೊಂದು ಕೊಬ್ಬಿನ ಆಮ್ಲದಲ್ಲಿ ಇರುವುದು ಒಂದೇ ಜೋಡಿ ಬಂಧ, ಅಂಥ ಸಡಿಲ ಜಾಗವೇ ಇಲ್ಲ. ಲಿನೋಲಿಕ್‌ನಲ್ಲಿ ಒಂದು, ಲಿನೋಲೆನಿಕ್‌ನಲ್ಲಿ ಎರಡು. ಓಲಿಕ್ ಆಮ್ಲಕ್ಕೆ ಹೋಲಿಸಿದರೆ ಲಿನೋಲಿಕ್ ಸುಮಾರು 10 ಪಟ್ಟು, ಲಿನೋಲೆನಿಕ್ ಸುಮಾರು 20 ಪಟ್ಟು ವೇಗವಾಗಿ ಆಮ್ಲಜನಕ ಹಿಡಿಯುತ್ತವೆ ಎಂದು ನಾವು ಓದಿ ಬಂದದ್ದು. ಈಗ ಎಣ್ಣೆಗಳನ್ನು ನೋಡಿ. ಶೇಂಗಾ ಎಣ್ಣೆಯಲ್ಲಿ ಹೆಚ್ಚು ಕಡಿಮೆ ಅರ್ಧ ಓಲಿಕ್, ಸುಮಾರು 30% ಲಿನೋಲಿಕ್. ಸಾಮಾನ್ಯ ಸೂರ್ಯಕಾಂತಿಯಲ್ಲಿ ಲಿನೋಲಿಕ್ 60%ರ ಆಸುಪಾಸು. ಸೋಯಾದಲ್ಲಿ 53%ರಷ್ಟು ಲಿನೋಲಿಕ್, ಅದರ ಮೇಲೆ 7% ಲಿನೋಲೆನಿಕ್. ನಮ್ಮ ಕಡೆಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ಕೇ 75%. ಅಗಸಿ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಲಿನೋಲೆನಿಕ್.

ಇದನ್ನು ನೋಡಲು ಲ್ಯಾಬಿಗೇ ಬರಬೇಕೆಂದಿಲ್ಲ. ಮನೆಯಲ್ಲಿ ಸೂರ್ಯಕಾಂತಿ ಎಣ್ಣೆಯ ಕ್ಯಾನಿದ್ದರೆ ಅದರ ಬಾಯಿಯ ಸುತ್ತ ಬೆರಳಾಡಿಸಿ. ಹಳದಿ ಅಂಟು ಸಿಗುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗದು, ಉಗುರಿನಿಂದ ಕೆರೆದರೆ ಪೊರೆಯ ಹಾಗೆ ಏಳುತ್ತದೆ. ಒಲೆಯ ಹಿಂದಿನ ಟೈಲ್ಸ್ ಮೇಲೂ ಅದೇ. ಕೊಬ್ಬರಿ ಎಣ್ಣೆಯ ಬಾಟಲಿಯ ಬಾಯಿ ಜಿಡ್ಡಾಗುತ್ತದೆಯೇ ಹೊರತು ಹೀಗೆ ಪೊರೆಗಟ್ಟುವುದಿಲ್ಲ, ಯಾಕೆಂದರೆ ಅದರಲ್ಲಿ 90%ಕ್ಕಿಂತ ಹೆಚ್ಚು ಸ್ಯಾಚುರೇಟೆಡ್. ಆ ಅಂಟು ಕೊಳೆಯಲ್ಲ, ಆಮ್ಲಜನಕ ಹಿಡಿದು ಒಂದಕ್ಕೊಂದು ಹೆಣೆದುಕೊಂಡ ಎಣ್ಣೆಯೇ. ಶಿವಾಜಿ ಪಾರ್ಕಿನಲ್ಲಿ ಆಡುವ ಮಕ್ಕಳು ಹೊಸ ಬ್ಯಾಟಿಗೆ ಅಗಸಿ ಎಣ್ಣೆ ಹಚ್ಚಿ ಮಲಗಿಸಿಡುತ್ತಾರೆ. ದಿನ ಕಳೆದಂತೆ ಅದು ಒಣಗಿ ಕಟ್ಟಿಗೆಯ ಮೇಲೆ ಗಟ್ಟಿ ಪದರವಾಗುತ್ತದೆ. ಚಿತ್ರಕಾರರ ಆಯಿಲ್ ಪೇಂಟ್ ಒಣಗುವುದೂ ಇದೇ ಕ್ರಿಯೆಯಿಂದ. ಬ್ಯಾಟಿಗೆ ಬೇಕಾದ ಆ ಗುಣ ಬಾಣಲೆಯಲ್ಲಿ ಬೇಡ. ಆದರೂ ‘ಒಮೆಗಾ-3 ಸಮೃದ್ಧ’ ಎಂದು ಮಿಶ್ರಣ ಮಾಡಿದ ಎಣ್ಣೆಯ ಪ್ಯಾಕೆಟ್ಟಿನ ಮೇಲೆ ಉಬ್ಬಿದ ಪೂರಿಯ ಚಿತ್ರ ಅಚ್ಚಾಗಿರುವುದನ್ನು ನಾನು ಅಂಗಡಿಗಳಲ್ಲಿ ನೋಡುತ್ತಲೇ ಇದ್ದೇನೆ.

ಇನ್ನು ಲ್ಯಾಬಿನ ಮಾತು. ನಮ್ಮ ಓಣಿಯಲ್ಲಿ ಖಾನಾವಳಿ ನಡೆಸುವ ಅಕ್ಕ ಒಮ್ಮೆ ಅರ್ಧ ಖಾಲಿಯಾದ ಒಮೆಗಾ-3 ಎಣ್ಣೆಯ ಬಾಟಲಿ ತಂದುಕೊಟ್ಟರು. ‘ಅವಧಿ ಇನ್ನೂ ಮುಗಿದಿಲ್ಲ, ಆದರೆ ಒಗ್ಗರಣೆಗೆ ಹಾಕಿದರೆ ಮೀನಿನ ವಾಸನೆ ಬರ್ತದ, ನೋಡ್ರಿ’ ಎಂದರು. ಪಾರದರ್ಶಕ ಬಾಟಲಿ, ಒಲೆಯ ಮೇಲಿನ ಕಿಟಕಿಯ ಕಟ್ಟೆಯಲ್ಲಿ ಇಡುತ್ತಿದ್ದರಂತೆ. ಮೊದಲು ಪೆರಾಕ್ಸೈಡ್ ಮೌಲ್ಯ ನೋಡಿದೆ. 5 ಗ್ರಾಂ ಎಣ್ಣೆಯನ್ನು ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಕರಗಿಸಿ, ಪೊಟ್ಯಾಸಿಯಂ ಅಯೊಡೈಡ್ ಹಾಕಿ, ಒಂದು ನಿಮಿಷ ಬಿಟ್ಟು, ನೀರು, ಪಿಷ್ಟ ಸೇರಿಸಿ, ಬಂದ ನೀಲಿ ಬಣ್ಣ ಮಾಯವಾಗುವವರೆಗೆ ಥಯೋಸಲ್ಫೇಟ್ ಹನಿಸುವ ಹಳೆಯ ವಿಧಾನ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಈ ಮೌಲ್ಯಕ್ಕೆ ರಿಫೈನ್ಡ್ ಎಣ್ಣೆಯಲ್ಲಿ ಕಿಲೋಗೆ 10 ಮಿಲಿಈಕ್ವಿವಲೆಂಟ್, ಗಾಣದ ಎಣ್ಣೆಯಲ್ಲಿ 15 ಮಿತಿ ಎನ್ನುತ್ತದೆ. ಆ ಎಣ್ಣೆ ಆ ಪರೀಕ್ಷೆಯಲ್ಲಿ ಪಾಸಾಯಿತು. ಆದರೆ ಕಮಟು ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅನಿಸಿಡಿನ್ ಪರೀಕ್ಷೆ ಮಾಡಿದಾಗ ದ್ರಾವಣ ಕಡು ಹಳದಿಗೆ ತಿರುಗಿತು, ಅಂದರೆ ಕಮಟು ವಾಸನೆ ಕೊಡುವ ಆಲ್ಡಿಹೈಡ್‌ಗಳು ತುಂಬಿಕೊಂಡಿದ್ದವು.

ಇದರಲ್ಲಿ ವಿಚಿತ್ರವೇನಿಲ್ಲ. ಪೆರಾಕ್ಸೈಡ್ ಅಂಕಿ ಏರುತ್ತದೆ, ಒಂದು ಹಂತದ ನಂತರ ಆ ಪೆರಾಕ್ಸೈಡ್‌ಗಳೇ ಒಡೆದು ಆಲ್ಡಿಹೈಡ್‌ಗಳಾಗುತ್ತವೆ, ಅಂಕಿ ಇಳಿಯುತ್ತದೆ. ಪೂರ್ತಿ ಹಾಳಾದ ಎಣ್ಣೆಯೂ ಆ ಒಂದೇ ಪರೀಕ್ಷೆಯಲ್ಲಿ ಒಳ್ಳೆಯದಾಗಿ ಕಾಣಬಹುದು. ಅದಕ್ಕೇ ನಮ್ಮ ಕ್ಷೇತ್ರದಲ್ಲಿ ಪೆರಾಕ್ಸೈಡನ್ನು ಎರಡರಿಂದ ಗುಣಿಸಿ ಅನಿಸಿಡಿನ್ ಕೂಡಿಸಿ ‘ಟೋಟಾಕ್ಸ್’ ಎಂದು ಲೆಕ್ಕ ಹಾಕುತ್ತಾರೆ. ಒಂದು ಎಣ್ಣೆ ಮುಂದೆ ಎಷ್ಟು ತಾಳೀತು ಎಂದು ತಿಳಿಯಲು ರಾನ್ಸಿಮ್ಯಾಟ್ ಯಂತ್ರ ಇದೆ. 3 ಗ್ರಾಂ ಎಣ್ಣೆಯನ್ನು 110 ಅಥವಾ 120 ಡಿಗ್ರಿಯಲ್ಲಿ ಕಾಯಿಸುತ್ತ ಅದರೊಳಗೆ ಗಾಳಿ ಊದುತ್ತಾರೆ. ಎಣ್ಣೆ ಸೋತ ಗಳಿಗೆ ಹಾರಿಬರುವ ಆಮ್ಲಗಳು ಪಕ್ಕದ ಗಾಜಿನ ನೀರಿಗೆ ಬಿದ್ದು, ಆ ನೀರಿನ ವಿದ್ಯುತ್ ವಾಹಕತೆ ತೋರಿಸುವ, ಅಲ್ಲಿಯವರೆಗೆ ನೆಲ ಹಿಡಿದಿದ್ದ ಗೆರೆ ಒಮ್ಮೆಲೇ ಮೇಲೇಳುತ್ತದೆ. ಅಲ್ಲಿಗೆ ಎಷ್ಟು ಗಂಟೆಯಾಯಿತೋ ಅದು ಆ ಎಣ್ಣೆಯ ತಾಳಿಕೆ. ಬ್ರಾಂಡುಗಳ ಗುಣಮಟ್ಟ ವಿಭಾಗಗಳಿಗೆ ಹೊಸತಲ್ಲ ಈ ಪರೀಕ್ಷೆ. ಸಿಗುವ ಅಂಕಿ ಮಾತ್ರ ಗಿರಾಕಿಯವರೆಗೆ ಬರುವುದಿಲ್ಲ.

ಗಿರಾಕಿಗೆ ಕಾಣುವುದು ಪೌಷ್ಟಿಕಾಂಶದ ಪಟ್ಟಿಯಲ್ಲಿ ‘ಪಾಲಿಅನ್‌ಸ್ಯಾಚುರೇಟೆಡ್ ಇಷ್ಟು ಗ್ರಾಂ’ ಎಂಬ ಒಂದು ಸಾಲು. ಲಿನೋಲಿಕ್, ಲಿನೋಲೆನಿಕ್ ಎರಡೂ ಅದರೊಳಗೆ ಕಲಸಿಹೋಗಿರುತ್ತವೆ. ಮೂಲೆಯಲ್ಲಿ ‘ತಂಪಾದ, ಒಣ ಜಾಗದಲ್ಲಿಡಿ’ ಎಂಬ ಸಣ್ಣಕ್ಷರ. ಆರು ತಿಂಗಳೋ ಒಂಬತ್ತು ತಿಂಗಳೋ ಬರೆದ ಅವಧಿ ಸೀಲು ಮುರಿಯದ ಬಾಟಲಿಯದ್ದು. ಇಬ್ಬರೇ ಇರುವ ಮನೆಯವರು ಉಳಿತಾಯವೆಂದು 5 ಲೀಟರಿನ ಕ್ಯಾನ್ ತಂದರೆ ಅದು ಮೂರು ತಿಂಗಳು ಬರುತ್ತದೆ. ಅಷ್ಟೂ ದಿನ ಎಣ್ಣೆ ಇಳಿದಂತೆಲ್ಲ ಕ್ಯಾನಿನೊಳಗೆ ಗಾಳಿ ಹೆಚ್ಚುತ್ತದೆ, ಒಲೆಯ ಪಕ್ಕದ ಕಾವು ಬೇರೆ. ತಾಪ 10 ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. ಮುಂಬೈಯ ಗೂಡಿನಂಥ ಅಡುಗೆಮನೆಗಳಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ‘ತಂಪಾದ ಜಾಗ’ ಎಲ್ಲಿದೆ ಎಂದು ಹುಡುಕಬೇಕು, ಹೇಳಿ? ಎಷ್ಟು ವಾರ ಎಂದು ಬರೆದರೆ ಜನ ಚಿಕ್ಕ ಬಾಟಲಿ ಕೊಳ್ಳುತ್ತಾರೆ. ಅಷ್ಟು ತಿಳಿವಳಿಕೆ ಎಲ್ಲರಿಗೂ ಇದೆ.

ಎಣ್ಣೆ ಕಮಟಾದಾಗ ಮೊದಲು ಕರಗಿಹೋಗುವುದು ಹೆಚ್ಚು ದುಡ್ಡು ಕೊಟ್ಟು ಕೊಂಡ ಆ ಒಮೆಗಾ-3. ಅದರ ಜೊತೆಗೆ ಎಣ್ಣೆಯಲ್ಲಿದ್ದ ವಿಟಮಿನ್-ಇ. ನಿಮ್ಮ ಪ್ರಾಧಿಕಾರವೇ ‘+ಎಫ್’ (ಪೋಷಕಾಂಶ ಸೇರಿಸಿದ ಆಹಾರ) ಗುರುತಿನಡಿ ಎಣ್ಣೆಗೆ ಸೇರಿಸಲು ಹೇಳಿದ ವಿಟಮಿನ್-ಎ ಕೂಡ ಬೆಳಕು ಮತ್ತು ಪೆರಾಕ್ಸೈಡ್ ಎರಡಕ್ಕೂ ತಾಳದು. ದೇಶದ ಮಕ್ಕಳ ಕಣ್ಣಿಗಾಗಿ ಸೇರಿಸಿದ ವಿಟಮಿನ್ ಕಿರಾಣಿ ಅಂಗಡಿಯ ಮುಂಗಟ್ಟೆಯಲ್ಲಿ, ಬಿಸಿಲಿಗೆ ಒಡ್ಡಿ ಜೋಡಿಸಿದ ಪಾರದರ್ಶಕ ಬಾಟಲಿಗಳಲ್ಲಿ ಸೋರಿಹೋಗುವುದನ್ನು ನೋಡಿಕೊಂಡು ಸುಮ್ಮನಿರಲು ನನಗೆ ಮನಸ್ಸಾಗುವುದಿಲ್ಲ. ಬೆಳಕಿನ ದಾರಿ ಬೇರೆಯೇ. ಎಣ್ಣೆಯಲ್ಲಿ ಉಳಿದ ಹಸಿರು ಕ್ಲೋರೋಫಿಲ್ ಬೆಳಕು ಹೀರಿ ಆಮ್ಲಜನಕವನ್ನು ಕೆರಳಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕ ಲಿನೋಲಿಕ್ ಆಮ್ಲದ ಮೇಲೆ ಸಾವಿರಕ್ಕೂ ಹೆಚ್ಚು ಪಟ್ಟು ವೇಗದಲ್ಲಿ ಎರಗುತ್ತದೆ. ಪೂಫಾ ಹೆಸರಿನಲ್ಲಿ ಮಾರುವ ಎಣ್ಣೆ ಬೆಳಕು ತೂರದ ಪ್ಯಾಕಿನಲ್ಲೇ ಇರಬೇಕೆಂದು ನೀವು ನಿಯಮ ಮಾಡಿದರೆ ಯಾರಿಗೂ ನಷ್ಟವಿಲ್ಲ.

ಗಾಣದ ಎಣ್ಣೆಯವರಿಗೂ ಒಂದು ಮಾತು. ಪುಣೆ, ಮುಂಬೈಗಳಲ್ಲಿ ಮರದ ಗಾಣದ ಕುಸುಬಿ ಎಣ್ಣೆಗೆ ಈಗ ಒಳ್ಳೆಯ ಬೇಡಿಕೆಯಿದೆ. ನಾನು ಅದನ್ನೇ ಉಂಡು ಬೆಳೆದವಳು, ಇವತ್ತಿಗೂ ರೊಟ್ಟಿಯ ಜೊತೆ ಶೇಂಗಾ ಹಿಂಡಿಗೆ ಹಸಿ ಕುಸುಬಿ ಎಣ್ಣೆ ಬೀಳದಿದ್ದರೆ ಊಟ ಸೇರದು. ಆದರೆ ಊರಲ್ಲಿ ಎಣ್ಣೆ ಬರುತ್ತಿದ್ದದ್ದು ಬೇಕಾದಷ್ಟೇ, ಆಗಾಗ, ಹೊಸದಾಗಿ. ಹಸಿಯಾಗಿ ಮೇಲೆ ಹಾಕಿಕೊಳ್ಳುತ್ತಿದ್ದರು. ಅಗಸಿಯನ್ನಂತೂ ಎಣ್ಣೆ ತೆಗೆಯದೆ ಕಾಳಾಗಿಯೇ ಇಟ್ಟು, ಬೇಕಾದಾಗ ಹುರಿದು ಕುಟ್ಟಿ ಹಿಂಡಿ ಮಾಡುತ್ತಿದ್ದರು. ಸಿಪ್ಪೆಯೊಳಗಿರುವ ತನಕ ಅದರ ಕೊಬ್ಬಿಗೆ ಗಾಳಿ ತಾಗುವುದಿಲ್ಲ. ಅದೇ ಕುಸುಬಿ ಎಣ್ಣೆಯನ್ನು ಸೋಸಿಯೂ ಸೋಸದಂತೆ ಬಿಳಿ ಗಾಜಿನ ಬಾಟಲಿಗೆ ತುಂಬಿ, ‘ಕೆಮಿಕಲ್ ಇಲ್ಲ’ ಎಂದು ಚೀಟಿ ಅಂಟಿಸಿ, ತಿಂಗಳುಗಟ್ಟಲೆ ಮಾರಾಟ ಮಳಿಗೆಯ ದೀಪದ ಕೆಳಗೆ ನಿಲ್ಲಿಸುವುದು ಅದರ ಗುಣಕ್ಕೇ ವಿರುದ್ಧ. ಗಾಣದ ಎಣ್ಣೆಯಲ್ಲಿ ಟೊಕೋಫೆರಾಲ್ (ವಿಟಮಿನ್-ಇ) ಉಳಿಯುತ್ತದೆ ನಿಜ, ಕ್ಲೋರೋಫಿಲ್ಲೂ, ಕಬ್ಬಿಣ–ತಾಮ್ರದ ಅಂಶವೂ ಉಳಿಯುತ್ತವೆ. ತಾಮ್ರ ಈ ಕ್ರಿಯೆಗೆ ಎಲ್ಲಕ್ಕಿಂತ ದೊಡ್ಡ ಪ್ರಚೋದಕ, ಆದ್ದರಿಂದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಎಣ್ಣೆ ಇಡುವ ಹೊಸ ಶೋಕಿಯೂ ಬೇಡ.

ಎಣ್ಣೆ ಬೇಗ ಕೆಡದಂತೆ ಅದಕ್ಕೆ ಸೇರಿಸುವ ರಾಸಾಯನಿಕ ಟಿಬಿಎಚ್‌ಕ್ಯೂ ಬಗ್ಗೆ ಹೆದರಿಕೆ ಬಹಳ ಇದೆ. ಕಾನೂನು ಕಿಲೋಗೆ 200 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಆ ಮಿತಿಯೊಳಗಿನ ಟಿಬಿಎಚ್‌ಕ್ಯೂ ಇರುವ ತಾಜಾ ಎಣ್ಣೆಯನ್ನು, ಅದಿಲ್ಲದೆ ಕಮಟಾದ ಎಣ್ಣೆಗಿಂತ ಮೊದಲು ನಾನು ಆರಿಸುತ್ತೇನೆ. ಹಾಗೆಂದು ಅದೊಂದೇ ದಾರಿಯಲ್ಲ. ಎಳ್ಳೆಣ್ಣೆಯಲ್ಲಿ ಲಿನೋಲಿಕ್ 40%ಕ್ಕಿಂತ ಹೆಚ್ಚಿದ್ದರೂ ಅದು ಸುಲಭಕ್ಕೆ ಕೆಡುವುದಿಲ್ಲ, ಕಾರಣ ಅದರೊಳಗೇ ಇರುವ, ಆಮ್ಲಜನಕದ ದಾಳಿ ತಡೆಯುವ ಸೆಸಮಾಲ್ ಮತ್ತು ಅದರ ಬಂಧುಗಳು. ನಮ್ಮ ಮನೆಗಳಲ್ಲಿ ಬೆಣ್ಣೆ ಕಾಯಿಸುವಾಗ ವೀಳ್ಯದೆಲೆಯನ್ನೋ ಕರಿಬೇವನ್ನೋ ಹಾಕುತ್ತಾರಲ್ಲ, ಅವುಗಳಲ್ಲಿರುವುದೂ ಇಂಥದೇ ಕೆಲಸ ಮಾಡುವ ಫಿನಾಲ್‌ಗಳು.

ಕರಿಯುವ ಪ್ರಶ್ನೆಗೆ ಬರುತ್ತೇನೆ. ಫ್ರಾನ್ಸಿನಲ್ಲಿ ಲಿನೋಲೆನಿಕ್ ಆಮ್ಲ 2% ಮೀರಿದ ಎಣ್ಣೆಯನ್ನು ಕರಿಯುವ ಎಣ್ಣೆ ಎಂದು ಮಾರುವಂತಿಲ್ಲ, ಹಸಿಯಾಗಿ ಬಳಸುವ ಎಣ್ಣೆ ಎಂದೇ ಬರೆಯಬೇಕು. ಅದು ಅಲ್ಲಿ ಹಳೆಯ ನಿಯಮ. ಉಪ್ಪಿಟ್ಟಿನ ಒಗ್ಗರಣೆಯಿಂದ ಹಿಡಿದು ವಡೆ, ಬಜ್ಜಿ, ಪೂರಿಯವರೆಗೆ ಬಿಸಿ ಎಣ್ಣೆಯಲ್ಲೇ ಬದುಕುವ ನಮ್ಮ ದೇಶದಲ್ಲಿ ಇಂಥ ಒಂದು ಸಾಲು ಯಾಕಿಲ್ಲ? ‘ಸ್ಮೋಕ್ ಪಾಯಿಂಟ್ ಹೆಚ್ಚಿದೆ, ಕರಿಯಬಹುದು’ ಎಂಬ ಜಾಹೀರಾತಿನ ಮಾತನ್ನು ದಯವಿಟ್ಟು ಉತ್ತರವೆಂದು ಒಪ್ಪಬೇಡಿ. ಹೊಗೆಯೇಳುವ ತಾಪ ಮುಖ್ಯವಾಗಿ ಎಣ್ಣೆಯಲ್ಲಿ ಬಿಡಿ ಕೊಬ್ಬಿನ ಆಮ್ಲ ಎಷ್ಟಿದೆ ಎಂಬುದನ್ನು ಅವಲಂಬಿಸಿದೆ. ರಿಫೈನ್ ಮಾಡಿದರೆ ಯಾವ ಎಣ್ಣೆಯದ್ದೂ ಏರುತ್ತದೆ. ಗಂಟೆಗಟ್ಟಲೆ ಕಾವಿನಲ್ಲಿ ಅದು ಆಮ್ಲಜನಕಕ್ಕೆ ತಾಳುತ್ತದೋ ಇಲ್ಲವೋ ಎಂಬುದು ಬೇರೆ ಲೆಕ್ಕ.

ಹೋಟೆಲಿನ ಅಣ್ಣಂದಿರೇ, ಈ ಭಾಗ ನಿಮಗೆ. ‘ನಮ್ಮಲ್ಲಿ ಸೂರ್ಯಕಾಂತಿ ಎಣ್ಣೆ ಮಾತ್ರ’ ಎಂದು ಎಷ್ಟೋ ಜನ ಅಭಿಮಾನದಿಂದ ಬೋರ್ಡು ಹಾಕಿದ್ದೀರಿ, ಗಿರಾಕಿಯ ಒಳಿತಿಗೆಂದೇ ಹೆಚ್ಚು ಖರ್ಚು ಮಾಡುತ್ತಿದ್ದೀರಿ. ಆದರೆ ಬೆಳಗಿನ ಮೆದುವಡೆಯಿಂದ ಸಂಜೆಯ ಗೋಳಿಬಜೆಯವರೆಗೆ ಒಂದೇ ಬಾಣಲೆ ಉರಿಯುವಾಗ ಸಾಮಾನ್ಯ ಸೂರ್ಯಕಾಂತಿ ಬೇಗ ದಣಿಯುತ್ತದೆ. ನೊರೆ ನಿಲ್ಲುವುದು, ಎಣ್ಣೆ ಮಂದವಾಗುವುದು, ಕಣ್ಣುರಿಯುವ ಘಾಟು, ಇವೆಲ್ಲ ನಿಮ್ಮ ಭಟ್ಟರಿಗೆ ನನಗಿಂತ ಚೆನ್ನಾಗಿ ಗೊತ್ತು. 2018ರ ಜುಲೈ 1ರಿಂದ ಕರಿಯುವ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ (ಕಾಯಿಸಿ ಕಾಯಿಸಿ ಎಣ್ಣೆ ಕೆಟ್ಟು ಆಗುವ ವಸ್ತುಗಳು) 25% ಮೀರುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ದಾಖಲೆ ಇಡಬೇಕು. ನಿನ್ನೆಯ ಎಣ್ಣೆಯ ಮೇಲೆ ಇವತ್ತಿನದನ್ನು ಸುರಿಯುವ ಅಭ್ಯಾಸ ಮೊದಲು ಬಿಡಿ, ಹಳೆಯದರ ಪೆರಾಕ್ಸೈಡ್‌ಗಳು ಹೊಸದನ್ನೂ ಕೆಡಿಸುತ್ತವೆ. ಕರಿಯಲು ಓಲಿಕ್ ಹೆಚ್ಚಿರುವ ಶೇಂಗಾ, ಅಕ್ಕಿ ತೌಡಿನ ಎಣ್ಣೆ, ಸಿಕ್ಕರೆ ಹೈ-ಓಲಿಕ್ ಸೂರ್ಯಕಾಂತಿ ಇಟ್ಟುಕೊಳ್ಳಿ. ಪೂಫಾ ಎಣ್ಣೆ ಒಗ್ಗರಣೆಗೆ, ಚಟ್ನಿಪುಡಿಗೆ ಇರಲಿ. ಕರಿದುಳಿದ ಎಣ್ಣೆಯನ್ನು ಬೀದಿಬದಿಯವರಿಗೆ ಅಗ್ಗಕ್ಕೆ ಮಾರಬೇಡಿ, 2018ರಲ್ಲೇ ಪ್ರಾಧಿಕಾರ ಶುರು ಮಾಡಿದ ‘ರೂಕೋ’ ಯೋಜನೆಯಡಿ ಬಯೋಡೀಸೆಲ್ ಮಾಡುವವರಿಗೆ ಕೊಡಿ.

ಮಾನ್ಯರೇ, ಒಳ್ಳೆಯ ಕೊಬ್ಬು ಮತ್ತು ತಾಳಿಕೆ ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂದೇನಿಲ್ಲ. ಜುನಾಗಢದ ಶೇಂಗಾ ಸಂಶೋಧನಾ ಸಂಸ್ಥೆ, ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಜೊತೆ ಸೇರಿ ಗಿರ್ನಾರ್-4, ಗಿರ್ನಾರ್-5 ಎಂಬ ಶೇಂಗಾ ತಳಿಗಳನ್ನು ಕೊಟ್ಟಿದೆ. ಅವುಗಳ ಎಣ್ಣೆಯಲ್ಲಿ ಓಲಿಕ್ ಸುಮಾರು 80%. ಹೃದಯಕ್ಕೂ ಹಿತ, ಬಾಣಲೆಗೂ ಹಿತ. ಆದರೆ ತಾಳಿಕೆಯ ಅಂಕಿ ಲೇಬಲ್ಲಿನಲ್ಲಿ ಇಲ್ಲದಿದ್ದರೆ ಅಂಥ ಎಣ್ಣೆಗೂ ಸಾಮಾನ್ಯ ಎಣ್ಣೆಗೂ ಅಂಗಡಿಯ ಕಪಾಟಿನಲ್ಲಿ ವ್ಯತ್ಯಾಸವೇ ಕಾಣದು. ಹೆಚ್ಚಿನ ಬೆಲೆ ಸಿಗದೆ ರಾಯಚೂರು, ಚಿತ್ರದುರ್ಗದ ರೈತ ಅದನ್ನು ಯಾಕೆ ಬಿತ್ತಬೇಕು?

ಕಂಪನಿಗಳು ಏನು ಹೇಳುತ್ತವೆ ಎಂಬುದು ನನಗೆ ಗೊತ್ತು. ಮನೆಯಲ್ಲಿ ಯಾರು ಹೇಗೆ ಇಡುತ್ತಾರೋ ನಾವು ಹೇಗೆ ವಾರ ಲೆಕ್ಕ ಹಾಕುವುದು ಎನ್ನುತ್ತವೆ. ನಿಯಮದಲ್ಲೇ ಷರತ್ತು ಗೊತ್ತುಪಡಿಸಿ: ಮುಚ್ಚಳ ತೆಗೆದು, ಕತ್ತಲಲ್ಲಿ, 30 ಡಿಗ್ರಿಯಲ್ಲಿ ಇಟ್ಟಾಗ ಟೋಟಾಕ್ಸ್ ಮಿತಿ ಮೀರದೆ ಎಷ್ಟು ವಾರ ಎಂದು. ಔಷಧದ ಬಾಟಲಿಯ ಮೇಲೆ ‘ತೆರೆದ ಒಂದು ತಿಂಗಳೊಳಗೆ ಬಳಸಿ’ ಎಂದು ಬರೆಯಲು ಸಾಧ್ಯವಾದರೆ ಇದೂ ಸಾಧ್ಯ. ‘ಕೊಲೆಸ್ಟರಾಲ್ ಫೈಟರ್’, ‘ಸೂದಿಂಗ್ ಟು ಹಾರ್ಟ್’ ಎಂಬಂಥ ಪದಗಳನ್ನು ಎಣ್ಣೆಯ ಪ್ಯಾಕಿನ ಮೇಲೆ ಹಾಕುವಂತಿಲ್ಲ ಎಂದು 2011ರ ನಿಯಮಗಳಲ್ಲೇ ಹೇಳಿದವರು ನೀವು. ಮಿಶ್ರಣದ ಎಣ್ಣೆಯಲ್ಲಿ ಯಾವ ಎಣ್ಣೆ ಎಷ್ಟು ಪಾಲು ಎಂದು ಬರೆಸಿದವರೂ ನೀವು. ಅದೇ ದಾರಿಯಲ್ಲಿ ಮುಂದಿನ ಹೆಜ್ಜೆಯನ್ನೇ ನಾನು ಕೇಳುತ್ತಿರುವುದು.

ಮಹಾರಾಷ್ಟ್ರದ ಆಯುಕ್ತರಲ್ಲಿ ಒಂದು ವಿನಂತಿ, ಇದಕ್ಕೆ ದೆಹಲಿಯ ಆದೇಶ ಬೇಕಾಗಿಲ್ಲ. ನಿಮ್ಮ ಅಧಿಕಾರಿಗಳು ಎಣ್ಣೆಯ ಮಾದರಿ ತೆಗೆಯುವಾಗ ಕಾರ್ಖಾನೆಯ ಬಾಗಿಲಲ್ಲಿ ಮಾತ್ರವಲ್ಲ, ಅಂಗಡಿಯ ಬಿಸಿಲು ಬೀಳುವ ಸಾಲಿನಿಂದಲೂ ತೆಗೆಯಲಿ, ಪೆರಾಕ್ಸೈಡ್ ಜೊತೆ ಅನಿಸಿಡಿನ್ನನ್ನೂ ನೋಡಲಿ. ಎಣ್ಣೆ ತಂತ್ರಜ್ಞಾನಕ್ಕೇ ಪ್ರತ್ಯೇಕ ವಿಭಾಗವಿರುವ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಮಾಟುಂಗಾದಲ್ಲಿದೆ, ನಿಮ್ಮ ಕಚೇರಿಯಿಂದ ಕೆಲವೇ ಕಿಲೋಮೀಟರ್. ಅಲ್ಲಿನ ಜ್ಞಾನವನ್ನು ಬಳಸಿಕೊಳ್ಳಿ.

ಲೇಬಲ್ಲಿನ ಒಕ್ಕಣೆಯ ಕರಡನ್ನು, ಪರೀಕ್ಷಾ ವಿಧಾನದ ಟಿಪ್ಪಣಿಯನ್ನು ಮನವಿಯ ಜೊತೆ ಲಗತ್ತಿಸಿದ್ದೇನೆ. ಎಣ್ಣೆ ಮತ್ತು ಕೊಬ್ಬುಗಳ ನಿಮ್ಮ ವೈಜ್ಞಾನಿಕ ಸಮಿತಿಯ ಮುಂದೆ ಅದನ್ನು ಇಡಿ. ವಿವರಣೆ ಬೇಕೆಂದರೆ ಸ್ವಂತ ಖರ್ಚಿನಲ್ಲಿ ದೆಹಲಿಗೆ ಬರಲು ಸಿದ್ಧಳಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ಎಣ್ಣೆ ಪರೀಕ್ಷಕಿ